ಕತ್ತರಿಸಿದ ಸೇಬು ‘ತುಕ್ಕು’ ಹಿಡಿಯುತ್ತದೆಯೇ? ಫ್ರೂಟ್ ಸಲಾಡ್ ಬಟ್ಟಲಿನ ವಿಜ್ಞಾನ, ವಾಟ್ಸಾಪ್‌ನ ಸುಳ್ಳುಗಳು

ಬೇಸಿಗೆ ಶುರುವಾಯಿತೆಂದರೆ ಫೋನಿನಲ್ಲಿ ಹಣ್ಣುಗಳ ಸಂದೇಶಗಳು ಸುರಿಯತೊಡಗುತ್ತವೆ. ಊಟದ ಮೇಲೆ ಹಣ್ಣು ತಿಂದರೆ ಹೊಟ್ಟೆಯಲ್ಲೇ ಕೊಳೆಯುತ್ತದಂತೆ, ಪಪ್ಪಾಯಿಗೆ ನಿಂಬೆ ಹಿಂಡಿದರೆ ವಿಷವಂತೆ, ಕಲ್ಲಂಗಡಿಗೆ ಬಣ್ಣದ ಇಂಜೆಕ್ಷನ್ ಚುಚ್ಚುತ್ತಾರಂತೆ. ಇವುಗಳ ನಡುವೆ ತೀರಾ ಸಾಧುವಾಗಿ ಕಾಣುವ ಒಂದು ಸಂದೇಶವಿದೆ. ಕತ್ತರಿಸಿದ ಸೇಬು ಕಂದು ಬಣ್ಣಕ್ಕೆ ತಿರುಗುವುದು ಅದರಲ್ಲಿರುವ ಕಬ್ಬಿಣ ತುಕ್ಕು ಹಿಡಿಯುವುದರಿಂದ, ಆದ್ದರಿಂದ ರಕ್ತ ಕಡಿಮೆ ಇರುವವರು ಸೇಬು ತಿಂದರೆ ಸಾಕು ಎಂಬುದು ಅದರ ಸಾರ. ಓದಿದವರೂ ಇದನ್ನು ಹಂಚುತ್ತಾರೆ, ಮಕ್ಕಳಿಗೆ ಹೇಳಿಕೊಡುತ್ತಾರೆ. ನಮ್ಮ ಪ್ರಕಾರ ಮೇಲಿನ ಪಟ್ಟಿಯಲ್ಲಿ ಹೆಚ್ಚು ಹಾನಿ ಮಾಡುವುದು ಇದೇ. ಯಾಕೆಂದು ಮುಂದೆ ಹೇಳುತ್ತೇವೆ.

ತುಕ್ಕಿನ ವಿಷಯವನ್ನು ಭದ್ರಾವತಿಯವರಿಗೆ ಹೊಸದಾಗಿ ಹೇಳಿಕೊಡಬೇಕಿಲ್ಲ. 1923ರಲ್ಲಿ ಕುಲುಮೆ ಹೊತ್ತಿಕೊಂಡ ಮೈಸೂರು ಕಬ್ಬಿಣದ ಕಾರ್ಖಾನೆ, ಅಂದರೆ ಇಂದಿನ ವಿಐಎಸ್‌ಎಲ್, ಈ ಊರಿಗೆ ಉಕ್ಕಿನ ನಗರ ಎಂಬ ಹೆಸರು ತಂದುಕೊಟ್ಟಿತು. ಊರಿನ ಹಳೆಯ ಹೆಸರು ಬೆಂಕಿಪುರ. ಏಪ್ರಿಲ್ ಮಧ್ಯಾಹ್ನ ಬಿ.ಎಚ್. ರಸ್ತೆಯಲ್ಲಿ ನಡೆದವರು ಆ ಹೆಸರನ್ನು ಯಾಕೆ ಬದಲಿಸಿದರೋ ಎಂದುಕೊಂಡರೆ ತಪ್ಪೇನಿಲ್ಲ. ಅಂಥ ಬಿಸಿಲಿನಲ್ಲಿ ಮನೆಗೆ ಬಂದವರಿಗೆ ಒಂದು ಬಟ್ಟಲು ತಣ್ಣನೆಯ ಫ್ರೂಟ್ ಸಲಾಡ್ ಕೊಟ್ಟರೆ ಅದಕ್ಕಿಂತ ಸುಖ ಬೇರೆ ಇಲ್ಲ. ಆ ಬಟ್ಟಲನ್ನೇ ಮುಂದಿಟ್ಟುಕೊಂಡು ಈ ಸಂದೇಶಗಳನ್ನು ಒಂದೊಂದಾಗಿ ನೋಡೋಣ. ಜೊತೆಗೆ ಮನೆಯಲ್ಲೇ ಮಾಡುವ ಡ್ರೆಸ್ಸಿಂಗ್, ಅಂದರೆ ಹಣ್ಣಿನ ಮೇಲೆ ಸುರಿಯುವ ರಸ, ಹೇಗಿರಬೇಕೆಂದೂ ಹೇಳುತ್ತೇವೆ.

ಸೇಬಿನ ಕಂದು ಬಣ್ಣ: ಕಬ್ಬಿಣವಲ್ಲ, ತಾಮ್ರ!

ಸೇಬಿನ ಪ್ರತಿ ಜೀವಕೋಶದಲ್ಲೂ ಫೀನಾಲ್ ಎಂಬ ಗುಂಪಿಗೆ ಸೇರಿದ ರಾಸಾಯನಿಕಗಳಿರುತ್ತವೆ. ಅದೇ ಕೋಶದ ಬೇರೊಂದು ಕೋಣೆಯಲ್ಲಿ ಪಾಲಿಫೀನಾಲ್ ಆಕ್ಸಿಡೇಸ್ ಎಂಬ ಕಿಣ್ವ ಇರುತ್ತದೆ. ಹಣ್ಣು ಇಡಿಯಾಗಿರುವವರೆಗೆ ಇವೆರಡೂ ಭೇಟಿಯಾಗುವುದಿಲ್ಲ. ಚಾಕು ಹಾಕಿದ ಕೂಡಲೇ ಕೋಣೆಗಳ ಗೋಡೆ ಒಡೆದು ಎರಡೂ ಬೆರೆಯುತ್ತವೆ, ಹೊರಗಿನಿಂದ ಗಾಳಿಯ ಆಮ್ಲಜನಕ ಬಂದು ಸೇರುತ್ತದೆ. ಕಿಣ್ವವು ಆಮ್ಲಜನಕವನ್ನು ಬಳಸಿಕೊಂಡು ಫೀನಾಲ್‌ಗಳನ್ನು ಕ್ವಿನೋನ್ ಎಂಬ ವಸ್ತುಗಳಾಗಿ ಬದಲಿಸುತ್ತದೆ. ಅವು ಒಂದಕ್ಕೊಂದು ಕೂಡಿಕೊಂಡು ಕಂದು ಬಣ್ಣ ಮೂಡುತ್ತದೆ. ಬಾಳೆಹಣ್ಣು, ಬದನೆಕಾಯಿ, ಆಲೂಗಡ್ಡೆ ಕಪ್ಪಾಗುವುದೂ ಹೀಗೆಯೇ. ನಾವು ಕುಡಿಯುವ ಚಹಾ ಎಲೆ ಹಸಿರಿನಿಂದ ಕಪ್ಪಾಗುವುದು ಕೂಡ ಇದೇ ಬಗೆಯ ಕ್ರಿಯೆಯಿಂದ.

ಇಲ್ಲಿ ತಮಾಷೆಯ ವಿಷಯವೊಂದಿದೆ. ಈ ಕಿಣ್ವ ಕೆಲಸ ಮಾಡಲು ಅದರ ಹೊಟ್ಟೆಯೊಳಗೆ ಒಂದು ಲೋಹ ಬೇಕೇ ಬೇಕು. ಆದರೆ ಆ ಲೋಹ ಕಬ್ಬಿಣವಲ್ಲ, ತಾಮ್ರ.

ನಂಬಿಕೆ ಬಾರದಿದ್ದರೆ ಅಡುಗೆಮನೆಯಲ್ಲೇ ಪರೀಕ್ಷೆ ಮಾಡಿ ನೋಡಿ. ಒಂದು ಸೇಬಿನಿಂದ ನಾಲ್ಕು ಹೋಳು ಮಾಡಿ. ಮೊದಲನೆಯದನ್ನು ಹಾಗೇ ಬಿಡಿ. ಎರಡನೆಯದಕ್ಕೆ ನಿಂಬೆರಸ ಸವರಿ. ಮೂರನೆಯದನ್ನು ಚಿಟಿಕೆ ಉಪ್ಪು ಕರಗಿಸಿದ ನೀರಿನಲ್ಲಿ ಅದ್ದಿ ತೆಗೆಯಿರಿ. ನಾಲ್ಕನೆಯದನ್ನು ಕುದಿಯುವ ನೀರಿನಲ್ಲಿ ಒಂದೆರಡು ನಿಮಿಷ ಇಟ್ಟು ತೆಗೆಯಿರಿ. ಅರ್ಧ ಗಂಟೆ ಬಿಟ್ಟು ಬಂದು ನೋಡಿದರೆ ಮೊದಲನೆಯದು ಮಾತ್ರ ಚೆನ್ನಾಗಿ ಕಂದಾಗಿರುತ್ತದೆ. ಕಬ್ಬಿಣದ ವರ್ತನೆ ಇದಕ್ಕೆ ತದ್ವಿರುದ್ಧ. ಉಪ್ಪುನೀರು ತಾಗಿದರೆ ಕಬ್ಬಿಣ ಇನ್ನೂ ಬೇಗ ತುಕ್ಕು ಹಿಡಿಯುತ್ತದೆ. ಮಂಗಳೂರಿನ ಕಡಲತಡಿಯ ಗೇಟು ಕಿಟಕಿಗಳನ್ನು ನೋಡಿದವರಿಗೆ ಇದು ಗೊತ್ತು. ನಿಂಬೆರಸ ಹತ್ತಿದ ಕಬ್ಬಿಣದ ಚಾಕುವನ್ನು ಒರೆಸದೆ ಇಟ್ಟರೂ ಕಲೆ ಬೀಳುತ್ತದೆ. ಸೇಬು ಕಂದಾಗುವುದು ತುಕ್ಕೇ ಆಗಿದ್ದರೆ ಉಪ್ಪು, ನಿಂಬೆ ಎರಡೂ ಅದನ್ನು ಹೆಚ್ಚಿಸಬೇಕಿತ್ತು. ಆಗುವುದು ಅದಲ್ಲ, ಕಂದಾಗುವುದು ಕಡಿಮೆಯಾಗುತ್ತದೆ.

ನಿಂಬೆ ಇಲ್ಲಿ ಎರಡು ರೀತಿಯಲ್ಲಿ ಕೆಲಸ ಮಾಡುತ್ತದೆ. ಅದರ ಹುಳಿಯಲ್ಲಿ ಕಿಣ್ವ ಮಂದವಾಗುತ್ತದೆ, ಅದರ ವಿಟಮಿನ್ ಸಿ ಹುಟ್ಟಿದ ಕ್ವಿನೋನ್‌ಗಳನ್ನು ಮತ್ತೆ ಹಳೆಯ ರೂಪಕ್ಕೆ ತಿರುಗಿಸುತ್ತದೆ. ಈ ವಿಟಮಿನ್ ಖರ್ಚಾಗಿ ಮುಗಿದ ಮೇಲೆ ಬಣ್ಣ ಮತ್ತೆ ಬರತೊಡಗುತ್ತದೆ. ಹಾಗಾಗಿ ಬೆಳಿಗ್ಗೆ ನಿಂಬೆ ಹಿಂಡಿಟ್ಟ ಸಲಾಡ್ ಸಂಜೆಗೆ ಮಂಕಾಗಿ ಕಂಡರೆ ನಿಂಬೆ ಕೆಟ್ಟಿದೆ ಎಂದು ಅರ್ಥವಲ್ಲ. ಕಂದಾದ ಸೇಬನ್ನು ತಿನ್ನುವುದರಿಂದ ಅಪಾಯವೂ ಇಲ್ಲ.

ಹಾಗಾದರೆ ಈಳಿಗೆಮಣೆಯಲ್ಲಿ ಹೆಚ್ಚಿದ ಬಾಳೆಕಾಯಿ, ನೆಲ್ಲಿಕಾಯಿ ಕಡುಕಪ್ಪಾಗುವುದು ಯಾಕೆ ಎಂದು ಅಜ್ಜಿ ಕೇಳಿಯಾರು. ಅಜ್ಜಿಯ ಅನುಮಾನ ಸರಿ. ಅಲ್ಲಿ ಕಬ್ಬಿಣದ ಪಾತ್ರ ನಿಜಕ್ಕೂ ಇದೆ. ಆದರೆ ಆ ಕಬ್ಬಿಣ ಕಾಯಿಯೊಳಗಿನದಲ್ಲ, ಈಳಿಗೆಯದು. ಕಾಯಿಯ ಒಗರಿಗೆ ಕಾರಣವಾದ ಟ್ಯಾನಿನ್ ಈಳಿಗೆಯ ಕಬ್ಬಿಣದ ಜೊತೆ ಸೇರಿ ನೀಲಿಗಪ್ಪು ಬಣ್ಣ ಕೊಡುತ್ತದೆ. ಹಿಂದಿನವರು ಬರೆಯುವ ಶಾಯಿ ಮಾಡುತ್ತಿದ್ದುದೂ ಇದೇ ತತ್ವದಿಂದ. ಫ್ರೂಟ್ ಸಲಾಡಿಗೆ ಸ್ಟೀಲ್ ಚಾಕು ಒಳ್ಳೆಯದು ಎನ್ನುವುದು ಇದಕ್ಕೇ.

ಸುಳ್ಳು ಚಿಕ್ಕದು, ಹಾನಿ ದೊಡ್ಡದು

ಬಣ್ಣ ಯಾವುದರಿಂದ ಬಂದರೇನು, ಸೇಬು ತಿನ್ನುವುದು ಒಳ್ಳೆಯದೇ ಅಲ್ಲವೇ ಎಂದು ನೀವು ಕೇಳಬಹುದು. ತಿನ್ನುವುದು ಒಳ್ಳೆಯದೇ. ಅದನ್ನು ರಕ್ತಹೀನತೆಗೆ ಔಷಧ ಎಂದು ನಂಬುವುದು ಮಾತ್ರ ಕೆಟ್ಟದ್ದು.

ಲೆಕ್ಕ ಹಾಕಿ ನೋಡೋಣ. 100 ಗ್ರಾಂ ಸೇಬಿನಲ್ಲಿ ಅರ್ಧ ಮಿಲಿಗ್ರಾಂ ಕಬ್ಬಿಣ ಕೂಡ ಇರುವುದಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಶಿಫಾರಸಿನಂತೆ ವಯಸ್ಕ ಹೆಣ್ಣುಮಗಳಿಗೆ ದಿನಕ್ಕೆ 29 ಮಿಲಿಗ್ರಾಂ ಕಬ್ಬಿಣ ಆಹಾರದಿಂದ ಸಿಗಬೇಕು. ಸೇಬಿಗೆ ಅರ್ಧ ಮಿಲಿಗ್ರಾಂ ಎಂದು ಧಾರಾಳವಾಗಿ ಲೆಕ್ಕ ಹಿಡಿದರೂ ದಿನಕ್ಕೆ ಸುಮಾರು 6 ಕೆ.ಜಿ. ಸೇಬು ತಿನ್ನಬೇಕಾಗುತ್ತದೆ! ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ರಕ್ತಹೀನತೆ ಇದೆ. ಮೆಟ್ಟಿಲು ಹತ್ತಿದರೆ ಏದುಸಿರು, ತಲೆಸುತ್ತು, ಓದಲು ಕೂತರೆ ಸುಸ್ತು ಎನ್ನುವ ಮಗಳಿಗೆ ದುಬಾರಿ ಸೇಬು ತಂದುಕೊಟ್ಟು, ಇನ್ನೇನು ಸರಿಹೋಗುತ್ತಾಳೆ ಎಂದು ಕಾಯುವ ಮನೆಗಳಿವೆ. ಆ ತಿಂಗಳುಗಳಲ್ಲಿ ಅವಳ ಹಿಮೋಗ್ಲೋಬಿನ್ ಇನ್ನೂ ಇಳಿಯುತ್ತದೆ.

ಅಂಥ ಲಕ್ಷಣವಿದ್ದರೆ ಮೊದಲು ಮಾಡಬೇಕಾದುದು ರಕ್ತಪರೀಕ್ಷೆ. ಹತ್ತಿರದ ಸರಕಾರಿ ಆರೋಗ್ಯ ಕೇಂದ್ರದಲ್ಲಿ ಅದು ಆಗುತ್ತದೆ. ಹದಿಹರೆಯದ ಮಕ್ಕಳಿಗೆ ವಾರಕ್ಕೊಂದರಂತೆ ಕೊಡುವ ನೀಲಿ ಬಣ್ಣದ ಕಬ್ಬಿಣದ ಮಾತ್ರೆ, ಗರ್ಭಿಣಿಯರಿಗೆ ಕೊಡುವ ಕೆಂಪು ಮಾತ್ರೆ ಎರಡೂ ಉಚಿತ. ಅದನ್ನು ನುಂಗದೆ ಡಬ್ಬಿಯಲ್ಲಿ ಕೂಡಿಡುವವರನ್ನು ನಾವು ಬಹಳ ನೋಡಿದ್ದೇವೆ. ಮಾತ್ರೆ ತೆಗೆದುಕೊಂಡಾಗ ಮಲ ಕಪ್ಪಾಗುವುದು ಸಹಜ, ಗಾಬರಿ ಬೇಡ. ಹೊಟ್ಟೆ ತೊಳೆಸಿದಂತಾದರೆ ಬಿಟ್ಟುಬಿಡದೆ ಆಶಾ ಕಾರ್ಯಕರ್ತೆಯನ್ನೋ ವೈದ್ಯರನ್ನೋ ಕೇಳಿ.

ಹಾಗೆಂದು ಸಲಾಡ್ ಬಟ್ಟಲಿಗೆ ಇಲ್ಲಿ ಕೆಲಸವೇ ಇಲ್ಲ ಎಂದಲ್ಲ. ರಾಗಿ, ಹೆಸರುಬೇಳೆ, ದಂಟಿನ ಸೊಪ್ಪುಗಳಲ್ಲಿ 100 ಗ್ರಾಂಗೆ 4 ಮಿಲಿಗ್ರಾಂ ಆಸುಪಾಸು ಕಬ್ಬಿಣವಿರುತ್ತದೆ. ಆದರೆ ಸಸ್ಯಗಳ ಕಬ್ಬಿಣ ನಮ್ಮ ಮೈಗೆ ಸುಲಭವಾಗಿ ಹತ್ತುವುದಿಲ್ಲ. ಅದೇ ಊಟದಲ್ಲಿ ವಿಟಮಿನ್ ಸಿ ಇದ್ದರೆ ಹೆಚ್ಚು ಹತ್ತುತ್ತದೆ, ಊಟದ ಜೊತೆ ಕಾಫಿ ಟೀ ಕುಡಿದರೆ ಕಡಿಮೆಯಾಗುತ್ತದೆ. ವಿಟಮಿನ್ ಸಿ ವಿಷಯದಲ್ಲಿ ನಮ್ಮ ಹಿತ್ತಲಿನ ಸೀಬೆಹಣ್ಣಿನ ಮುಂದೆ ಕಾಶ್ಮೀರದ ಸೇಬು ಏನೂ ಅಲ್ಲ. 100 ಗ್ರಾಂ ಸೀಬೆಯಲ್ಲಿ 200 ಮಿಲಿಗ್ರಾಂ ಆಸುಪಾಸು ಇರುತ್ತದೆ. ಮುದ್ದೆ ಸಾರು ಉಂಡ ಮೇಲೆ ಸೀಬೆ, ಪಪ್ಪಾಯಿ ಹಾಕಿದ ಒಂದು ಬಟ್ಟಲು ಸಲಾಡ್ ತಿಂದರೆ ಮುದ್ದೆಯ ಕಬ್ಬಿಣಕ್ಕೆ ಸಹಾಯವಾಗುತ್ತದೆ. ಹೆಸರುಬೇಳೆ ಕೋಸಂಬರಿಗೆ ನಿಂಬೆ ಹಿಂಡುವುದರಲ್ಲೂ ಇದೇ ಲಾಭವಿದೆ.

ಆದರೆ ಊಟದ ಮೇಲೆ ಹಣ್ಣು ತಿನ್ನಬಾರದಲ್ಲವೇ?

ತಿನ್ನಬಹುದು. ಊಟದ ಮೇಲೆ ಹಣ್ಣು ಅಡ್ಡ ಸಿಕ್ಕಿಕೊಂಡು ಕೊಳೆಯುತ್ತದೆ ಎನ್ನುವವರು ಜಠರವನ್ನು ಕಸದ ತೊಟ್ಟಿ ಎಂದು ಭಾವಿಸಿದಂತಿದೆ. ಕೊಳೆಸಲು ಬ್ಯಾಕ್ಟೀರಿಯಾ ಬೇಕು. ಜಠರದೊಳಗೆ ಪ್ರಬಲವಾದ ಹೈಡ್ರೋಕ್ಲೋರಿಕ್ ಆಮ್ಲ ಇರುತ್ತದೆ, ಅಲ್ಲಿ ಹೆಚ್ಚಿನ ಬ್ಯಾಕ್ಟೀರಿಯಾಗಳು ಬದುಕುವುದಿಲ್ಲ. ಊಟ, ಹಣ್ಣು ಎಲ್ಲವೂ ಕಲೆಸಿ ಗಂಜಿಯಂತಾಗಿ ಕೆಲವೇ ಗಂಟೆಗಳಲ್ಲಿ ಸ್ವಲ್ಪಸ್ವಲ್ಪವಾಗಿ ಸಣ್ಣ ಕರುಳಿಗೆ ಇಳಿಯುತ್ತದೆ. ಕೆಲವರಿಗೆ ಹಣ್ಣು ತಿಂದರೆ ಹೊಟ್ಟೆ ಉಬ್ಬರಿಸುವುದು ನಿಜ. ಅದು ದೊಡ್ಡ ಕರುಳಿನಲ್ಲಿ ಆಗುವ ಕೆಲಸ, ಹಣ್ಣಿನ ಫ್ರಕ್ಟೋಸ್ ಎಂಬ ಸಕ್ಕರೆ ಪೂರ್ತಿ ಹೀರಿಕೆಯಾಗದೆ ಉಳಿದಾಗ ಆಗುತ್ತದೆ. ಅಂಥವರು ಕಡಿಮೆ ತಿಂದರೆ ಸಾಕು, ಗಡಿಯಾರ ನೋಡಬೇಕಿಲ್ಲ.

ಬಾಳೆಹಣ್ಣು ಮತ್ತು ಹಾಲು ಸೇರಿದರೆ ವಿಷ, ಪಪ್ಪಾಯಿಗೆ ನಿಂಬೆ ಹಿಂಡಿದರೆ ರಕ್ತ ಕೆಡುತ್ತದೆ ಎಂಬ ಸಂದೇಶಗಳಿಗೂ ಆಧಾರವಿಲ್ಲ. ಹುಳಿ ಬಿದ್ದರೆ ಹಾಲು ಒಡೆಯುತ್ತದೆ, ನಿಜ. ಆದರೆ ಬರೀ ಹಾಲು ಕುಡಿದರೂ ಜಠರದ ಆಮ್ಲ ಅದನ್ನು ಒಡೆಯುತ್ತದೆ, ಜೀರ್ಣವಾಗುವ ಮೊದಲ ಹೆಜ್ಜೆಯೇ ಅದು. ಆಯುರ್ವೇದದಲ್ಲಿ ವಿರುದ್ಧಾಹಾರ ಎಂಬ ವಿಚಾರ ಇದೆ, ಅದನ್ನು ಪಾಲಿಸುವವರು ಪಾಲಿಸಲಿ. ಅಲ್ಲಿ ಹೇಳಿದ್ದನ್ನು ತಿಂದ ಕೂಡಲೇ ಸಾಯಿಸುವ ವಿಷ ಎಂದು ಬದಲಿಸಿದವರು ಫಾರ್ವರ್ಡ್ ಬರೆಯುವವರು. ದೇವಸ್ಥಾನದಲ್ಲಿ ಹಾಲು, ಮೊಸರು, ಬಾಳೆಹಣ್ಣು, ಜೇನು ಎಲ್ಲ ಕಲೆಸಿದ ಪಂಚಾಮೃತವನ್ನು ಅಂಗೈ ಚಾಚಿ ತೆಗೆದುಕೊಂಡು, ಹೊರಗೆ ಬಂದು ಈ ಸಂದೇಶವನ್ನು ಹಂಚುವವರಿಗೆ ಏನು ಹೇಳುವುದು!

ಹಾಲಿನೊಂದಿಗೆ ನಿಜವಾಗಿಯೂ ಹೊಂದದ ಹಣ್ಣೊಂದಿದೆ. ಅದು ಅನಾನಸ್. ನಮ್ಮ ಜಿಲ್ಲೆಯ ಸೊರಬ, ಸಾಗರದ ಕಡೆಯಿಂದ, ಪಕ್ಕದ ಬನವಾಸಿಯಿಂದ ಬರುವ ಅನಾನಸ್‌ನಲ್ಲಿ ಬ್ರೊಮೆಲೈನ್ ಎಂಬ ಕಿಣ್ವವಿದೆ. ಅದು ಪ್ರೋಟೀನನ್ನು ತುಂಡರಿಸುತ್ತದೆ. ಅನಾನಸ್ ತಿಂದಾಗ ನಾಲಿಗೆ ಚುರುಗುಟ್ಟುವುದಕ್ಕೆ ಇದೂ ಒಂದು ಕಾರಣ. ಹಸಿ ಅನಾನಸ್ ಹೋಳನ್ನು ಹಾಲು, ಮೊಸರು, ಕಸ್ಟರ್ಡ್‌ಗೆ ಹಾಕಿ ಇಟ್ಟರೆ ಹಾಲಿನ ಪ್ರೋಟೀನ್ ತುಂಡಾಗಿ ಸ್ವಲ್ಪ ಹೊತ್ತಿಗೆ ಕಹಿಯಾಗುತ್ತದೆ, ನೀರಾಗುತ್ತದೆ. ಪಪ್ಪಾಯಿಯಲ್ಲೂ, ಅದರಲ್ಲೂ ಕಾಯಿಯಲ್ಲಿ, ಇಂಥದ್ದೇ ಪಪೈನ್ ಇದೆ. ಕಹಿಯಾಗಿದ್ದು ವಿಷವಾಗಿದ್ದಕ್ಕಲ್ಲ. ಅನಾನಸ್ ಹೋಳನ್ನು ಸ್ವಲ್ಪ ನೀರಿನಲ್ಲಿ ಐದು ನಿಮಿಷ ಕುದಿಸಿ ಆರಿಸಿ ಹಾಕಿದರೆ ಕಿಣ್ವ ಸತ್ತಿರುತ್ತದೆ, ಕಸ್ಟರ್ಡ್ ಕೆಡುವುದಿಲ್ಲ.

ಈಗ ಡ್ರೆಸ್ಸಿಂಗ್

ಡ್ರೆಸ್ಸಿಂಗ್ ಎಂದ ಕೂಡಲೇ ಬಾಟಲಿಯಲ್ಲಿ ಬರುವ ಬಿಳಿ ಸಾಸ್ ನೆನಪಾಗಬೇಕಿಲ್ಲ. ಬಾಳೆಹಣ್ಣಿನ ರಸಾಯನಕ್ಕೆ ಹಾಕುವ ತೆಂಗಿನ ಹಾಲು, ಬೆಲ್ಲ, ಏಲಕ್ಕಿ ಇವು ಡ್ರೆಸ್ಸಿಂಗ್ ಅಲ್ಲದೆ ಇನ್ನೇನು? ಮಲೆನಾಡಿನಲ್ಲಿ ಅದಕ್ಕೆ ಹೇಳಿ ಮಾಡಿಸಿದಂಥ ಇನ್ನೊಂದು ಸಾಮಗ್ರಿಯೂ ಇದೆ, ಆಲೆಮನೆಯ ಜೋನಿ ಬೆಲ್ಲ. ಕರಗಿಸುವ ಕೆಲಸವಿಲ್ಲ, ಸುರಿದರೆ ಸಾಕು.

ನಾಲ್ಕೈದು ಜನಕ್ಕೆ ಒಂದು ಸಣ್ಣ ಪಪ್ಪಾಯಿ, ಎರಡು ಸೀಬೆ, ಒಂದು ಸೇಬು, ಅನಾನಸ್‌ನ ಎರಡು ಬಿಲ್ಲೆ, ಒಂದು ದಾಳಿಂಬೆ, ನಾಲ್ಕು ಪುಟ್ಟಬಾಳೆ ಸಾಕು. ಡ್ರೆಸ್ಸಿಂಗ್‌ಗೆ ಎರಡು ದೊಡ್ಡ ಚಮಚ ನಿಂಬೆರಸ, ಒಂದು ದೊಡ್ಡ ಚಮಚ ಜೋನಿ ಬೆಲ್ಲ, ಅರ್ಧ ಸಣ್ಣ ಚಮಚ ಶುಂಠಿರಸ, ಕುಟ್ಟಿದ ಕಾಳುಮೆಣಸು ಕಾಲು ಚಮಚ, ಎರಡು ಚಿಟಿಕೆ ಉಪ್ಪು, ಹೆಚ್ಚಿದ ಪುದೀನ ಎಂಟು ಹತ್ತು ಎಲೆ. ಇವನ್ನು ಮುಚ್ಚಳವಿರುವ ಬಾಟಲಿಗೆ ಹಾಕಿ ಚೆನ್ನಾಗಿ ಕುಲುಕಿ ಫ್ರಿಜ್‌ನಲ್ಲಿಡಿ. ಜೋನಿ ಬೆಲ್ಲ ಸಿಗದಿದ್ದರೆ ಅಚ್ಚುಬೆಲ್ಲವನ್ನು ಎರಡು ಚಮಚ ಬಿಸಿನೀರಿನಲ್ಲಿ ಕರಗಿಸಿ ಸೋಸಿ ಆರಿಸಿಕೊಳ್ಳಿ.

ಹಣ್ಣಿನಲ್ಲಿ ಸೇಬನ್ನು ಮೊದಲು ಹೆಚ್ಚಿ ಕೂಡಲೇ ಒಂದು ಚಮಚ ಡ್ರೆಸ್ಸಿಂಗ್ ಸವರಿ. ಬಾಳೆಹಣ್ಣು ಎಲ್ಲಕ್ಕಿಂತ ಕೊನೆಗೆ. ಉಳಿದ ಡ್ರೆಸ್ಸಿಂಗ್ ಸುರಿಯುವುದು ತಿನ್ನುವ ಹತ್ತು ನಿಮಿಷ ಮುಂಚೆ ಮಾತ್ರ. ಇದು ರುಚಿಗಾಗಿ ಹೇಳಿದ ಶಾಸ್ತ್ರವಲ್ಲ. ಉಪ್ಪು, ಬೆಲ್ಲ ಹೊರಗಿದ್ದರೆ ಹೋಳಿನೊಳಗಿನ ನೀರು ಕೋಶಗಳ ಪೊರೆ ದಾಟಿ ಹೊರಗೆ ಬರುತ್ತದೆ. ಉಪ್ಪಿನಕಾಯಿಗೆ ಉಪ್ಪು ಬೆರೆಸಿಟ್ಟ ಮಾವಿನ ಮಿಡಿ ನೀರು ಬಿಟ್ಟುಕೊಂಡು ಸುಕ್ಕಾಗುತ್ತದಲ್ಲ, ಅದೇ ಇದು. ಮದುವೆ ಮನೆಯ ಫ್ರೂಟ್ ಸಲಾಡ್ ಬಟ್ಟಲಿನ ತಳದಲ್ಲಿ ಅರ್ಧ ಲೋಟ ನೀರು ನಿಂತಿರುವುದು ಯಾಕೆಂದರೆ ಬೆಳಿಗ್ಗೆಯೇ ಸಕ್ಕರೆ ಹಾಕಿಟ್ಟಿರುತ್ತಾರೆ. ಕಲ್ಲಂಗಡಿಯಂತೂ ಬೇಗ ನೀರೊಡೆಯುತ್ತದೆ, ಅದನ್ನು ಪ್ರತ್ಯೇಕ ತಟ್ಟೆಯಲ್ಲಿಡುವುದೇ ವಾಸಿ.

ಸಿಹಿ ಹಣ್ಣಿಗೆ ಉಪ್ಪು ಯಾಕೆ? ನಾಲಿಗೆಗೆ ಕಹಿ, ಒಗರು ತಿಳಿಯುವುದನ್ನು ಉಪ್ಪು ತಗ್ಗಿಸುತ್ತದೆ, ಹಾಗಾಗಿ ಇರುವ ಸಿಹಿಯೇ ಹೆಚ್ಚಾಗಿ ತಿಳಿಯುತ್ತದೆ. ಸೀಬೆಕಾಯಿಗೆ ಉಪ್ಪು ಖಾರ ಹಚ್ಚಿ ಶಾಲೆಯ ಮುಂದೆ ಮಾರುವವರಿಗೆ ಇದು ಮೊದಲಿನಿಂದ ಗೊತ್ತು. ಬಿ.ಪಿ. ಇರುವವರಿಗೆ ಉಪ್ಪು ಬಿಟ್ಟು ಕಾಳುಮೆಣಸು, ಪುದೀನವನ್ನು ಸ್ವಲ್ಪ ಹೆಚ್ಚು ಹಾಕಿ.

ಬೆಲ್ಲದ ಬಗ್ಗೆ ಒಂದು ಮಾತು. ಬೆಲ್ಲ, ಜೇನು ಹಾಕಿದರೆ ಸಕ್ಕರೆ ಕಾಯಿಲೆಯವರೂ ತಿನ್ನಬಹುದು ಎಂಬುದು ಶುದ್ಧ ತಪ್ಪು. ಬೆಲ್ಲದಲ್ಲಿ ಇರುವುದರಲ್ಲಿ ಹೆಚ್ಚಿನ ಪಾಲು ಅದೇ ಸಕ್ಕರೆ. ಜೇನಿನಲ್ಲೂ ತೂಕದ ಸುಮಾರು ಐದರಲ್ಲಿ ನಾಲ್ಕು ಪಾಲು ಸಕ್ಕರೆಗಳೇ. ಬೆಲ್ಲದಲ್ಲಿ ಸ್ವಲ್ಪ ಕಬ್ಬಿಣ ಇದೆ, ಆದರೆ ಒಂದು ಚಮಚದಲ್ಲಿ ಸಿಗುವುದು ಲೆಕ್ಕಕ್ಕೆ ಬಾರದಷ್ಟು. ಸಕ್ಕರೆ ಕಾಯಿಲೆಯವರ ಬಟ್ಟಲಿಗೆ ಬೆಲ್ಲವಿಲ್ಲದ ಡ್ರೆಸ್ಸಿಂಗ್ ಹಾಕಿ, ಸೀಬೆ, ಪಪ್ಪಾಯಿ ಹೆಚ್ಚು, ಬಾಳೆಹಣ್ಣು ಕಡಿಮೆ ಇರಲಿ. ಬಟ್ಟಲೂ ಸಣ್ಣದಿರಲಿ.

ನಿಂಬೆಯ ಬದಲು ತೆಂಗಿನ ಹಾಲು ಹಾಕಿದರೆ ಅದು ರಸಾಯನದ ದಾರಿ. ಅದರಲ್ಲೂ ಒಂದು ಲಾಭವಿದೆ. ಪಪ್ಪಾಯಿ, ಮಾವಿನ ಹಳದಿ ಕೆಂಪು ಬಣ್ಣ ಕೊಡುವ ಕೆರೋಟಿನಾಯ್ಡ್‌ಗಳು ನೀರಿನಲ್ಲಿ ಕರಗುವುದಿಲ್ಲ, ಕೊಬ್ಬಿನಲ್ಲಿ ಕರಗುತ್ತವೆ. ಜೊತೆಗೆ ಸ್ವಲ್ಪ ಜಿಡ್ಡು ಇದ್ದರೆ ಮೈಗೆ ಹೆಚ್ಚು ಹತ್ತುತ್ತವೆ. ಆದರೆ ತೆಂಗಿನ ಹಾಲು ಬೇಗ ಕೆಡುತ್ತದೆ, ಸೆಕೆಯಲ್ಲಿ ಹೊರಗೆ ಬಿಡಬೇಡಿ.

ಕಲ್ಲಂಗಡಿಯ ಇಂಜೆಕ್ಷನ್

ಸಿರಿಂಜಿನಿಂದ ಕೆಂಪು ನೀರು ಚುಚ್ಚುವ ವಿಡಿಯೊ ಪ್ರತಿ ಬೇಸಿಗೆಯಲ್ಲೂ ಹೊಸದೆಂಬಂತೆ ಬರುತ್ತದೆ. ಸ್ವಲ್ಪ ಯೋಚಿಸಿ. ಗಟ್ಟಿ ಸಿಪ್ಪೆಯ ಹಣ್ಣಿಗೆ ಸೂಜಿ ಚುಚ್ಚಿ ಬಣ್ಣ ಬಿಟ್ಟರೆ ಅದು ಚುಚ್ಚಿದ ಜಾಗದ ಸುತ್ತ ನಿಲ್ಲುತ್ತದೆಯೇ ಹೊರತು ಹಣ್ಣಿನ ತುಂಬ ಒಂದೇ ಸಮನಾಗಿ ಹರಡುವುದಿಲ್ಲ. ತೂತಿನಿಂದ ರಸ ಸೋರುತ್ತದೆ, ಒಳಗೆ ಸೂಕ್ಷ್ಮಜೀವಿ ಸೇರಿ ಹಣ್ಣು ಬೇಗ ಕೊಳೆಯುತ್ತದೆ. ರಾಶಿ ಹಾಕಿಕೊಂಡು ದಿನಗಟ್ಟಲೆ ಮಾರುವ ವ್ಯಾಪಾರಿಗೆ ಇದರಿಂದ ನಷ್ಟವೇ. ಕಲ್ಲಂಗಡಿಯ ಕೆಂಪು ಲೈಕೋಪೀನ್‌ನದು, ಟೊಮೆಟೊದ ಕೆಂಪೂ ಅದೇ. ಒಳಗೆ ಕಾಣುವ ಬಿಳಿ ಹಳದಿ ನಾರು, ನಡುವಿನ ಬಿರುಕು ಸೂಜಿಯ ಗುರುತಲ್ಲ, ಹಣ್ಣು ಬೆಳೆಯುವಾಗ ಆಗುವಂಥವು. ಬಿಳಿ ಹತ್ತಿಯಿಂದ ಉಜ್ಜಿದಾಗ ನಸುಗೆಂಪು ಹತ್ತಿದರೆ ಅದೂ ಹಣ್ಣಿನ ರಸವೇ. ಅನುಮಾನವಿದ್ದರೆ ಒಂದು ತುಂಡನ್ನು ನೀರಿನಲ್ಲಿ ಬಿಡಿ. ಲೈಕೋಪೀನ್ ನೀರಿನಲ್ಲಿ ಕರಗುವುದಿಲ್ಲ, ಕೃತಕ ಬಣ್ಣವಾದರೆ ನೀರು ಗಾಢ ಕೆಂಪಾಗುತ್ತದೆ.

ಈ ಭಯದ ಬೆಲೆ ತೆತ್ತವರು ರೈತರು. 2025ರ ಬೇಸಿಗೆಯಲ್ಲಿ ತಮಿಳುನಾಡಿನಲ್ಲಿ ಕಲ್ಲಂಗಡಿಗೆ ಬಣ್ಣ ಬೆರೆಸುತ್ತಾರೆಂಬ ಸುದ್ದಿ ಹಬ್ಬಿ ಬೆಲೆ ಕುಸಿಯಿತು. ಹಣ್ಣು ಕೊಳ್ಳುವವರಿಲ್ಲದೆ ಬೆಳೆಗಾರರು ಪ್ರತಿಭಟನೆಗೆ ಇಳಿಯಬೇಕಾಯಿತು.

ಕಾರ್ಬೈಡ್ ವಿಷಯ ಹಾಗಲ್ಲ, ಅದು ನಿಜವಾದ ಸಮಸ್ಯೆ. ಮಾವು, ಬಾಳೆ ಹಣ್ಣು ಮಾಡಲು ಕ್ಯಾಲ್ಸಿಯಂ ಕಾರ್ಬೈಡ್ ಬಳಸುವುದನ್ನು ಭಾರತದಲ್ಲಿ ನಿಷೇಧಿಸಲಾಗಿದೆ. ಅದರಲ್ಲಿ ಆರ್ಸೆನಿಕ್, ರಂಜಕದ ಅಂಶ ಇರಬಹುದು. ಎಥಿಲೀನ್ ಅನಿಲದಿಂದ ಹಣ್ಣು ಮಾಡಲು ಮಿತಿಯೊಳಗೆ ಅನುಮತಿ ಇದೆ, ಏಕೆಂದರೆ ಹಣ್ಣು ತಾನೇ ಮಾಗುವಾಗ ಬಿಡುವ ಅನಿಲವೂ ಅದೇ. ಅಕ್ಕಿ ಡಬ್ಬದಲ್ಲಿ ಮಾವಿನಕಾಯಿ ಹೂತಿಡುವ ಉಪಾಯ ಕೆಲಸ ಮಾಡುವುದೂ ಅದರಿಂದಲೇ.

ಭಯಪಡಬೇಕಾದ್ದು ಇಲ್ಲಿ

ಫಾರ್ವರ್ಡ್‌ಗಳು ಹೆದರಿಸುವುದು ಹಣ್ಣುಗಳ ಜೋಡಿಯ ಬಗ್ಗೆ. ಕಾಯಿಲೆ ತರುವುದು ಹೆಚ್ಚಾಗಿ ಕೈ, ನೀರು, ಚಾಕು ಮತ್ತು ಹೊತ್ತು. ಸಿಪ್ಪೆ ಹಣ್ಣಿಗೆ ಕವಚದಂತೆ. ಹೆಚ್ಚಿದ ಕ್ಷಣದಿಂದ ಆ ಕವಚವಿಲ್ಲ, ಒಳಗಿನ ಸಿಹಿ ರಸ ಸೂಕ್ಷ್ಮಜೀವಿಗಳಿಗೆ ಔತಣ. 5 ಡಿಗ್ರಿಯಿಂದ 60 ಡಿಗ್ರಿ ಸೆಲ್ಸಿಯಸ್ ನಡುವೆ ಅವು ವೇಗವಾಗಿ ಹೆಚ್ಚುತ್ತವೆ. ನಮ್ಮ ಏಪ್ರಿಲ್ ಮಧ್ಯಾಹ್ನದ ಸೆಕೆ ಸರಿಯಾಗಿ ಇದರ ನಡುವೆ ಬರುತ್ತದೆ. ಹೆಚ್ಚಿದ ಹಣ್ಣು ಹೊರಗೆ ಎರಡು ಗಂಟೆಗಿಂತ ಹೆಚ್ಚು ಇರಬಾರದು, 32 ಡಿಗ್ರಿ ದಾಟಿದ ದಿನ ಒಂದೇ ಗಂಟೆ. ಟೈಫಾಯಿಡ್, ವಾಂತಿಭೇದಿ, ಕಾಮಾಲೆಯ ಒಂದು ಬಗೆ ಬರುವ ದಾರಿ ಇದೇ. ರಸ್ತೆಬದಿಯಲ್ಲಿ ತಿನ್ನಲೇಬೇಕೆಂದರೆ ನಿಮ್ಮ ಕಣ್ಣೆದುರೇ ಇಡೀ ಹಣ್ಣನ್ನು ಹೆಚ್ಚಿಸಿಕೊಳ್ಳಿ, ಮೇಲೆ ಐಸ್ ಬೇಡ ಎನ್ನಿ. ಐಸ್ ಯಾವ ನೀರಿನದು ಎಂದು ಗಾಡಿಯವರಿಗೂ ಗೊತ್ತಿರುವುದಿಲ್ಲ.

ಮನೆಯಲ್ಲಿ ಕಲ್ಲಂಗಡಿಯನ್ನೂ ಕರ್ಬೂಜವನ್ನೂ ಹೆಚ್ಚುವ ಮೊದಲು ತೊಳೆಯಿರಿ. ಸಿಪ್ಪೆ ಬಿಸಾಡುತ್ತೇವಲ್ಲ ಎಂದು ಬಿಡಬೇಡಿ, ಸಿಪ್ಪೆಯ ಮಣ್ಣನ್ನು ಚಾಕು ಒಳಗೆ ಕೊಂಡೊಯ್ಯುತ್ತದೆ. ಹರಿಯುವ ನೀರಿನಲ್ಲಿ ಕೈಯಿಂದ ಉಜ್ಜಿದರೆ ಸಾಕು. ಸೋಪು, ಡಿಟರ್ಜೆಂಟ್ ಹಾಕಬೇಡಿ.

ಬಾವಲಿ, ಮಂಗ, ಹಕ್ಕಿ ಕಚ್ಚಿದ ಹಣ್ಣನ್ನು ಕಚ್ಚಿದ ಭಾಗ ತೆಗೆದು ಸಲಾಡಿಗೆ ಹಾಕುವ ಅಭ್ಯಾಸ ಬೇಡ, ಪೂರ್ತಿ ಎಸೆಯಿರಿ. 2018ರಲ್ಲಿ ಕೋಯಿಕ್ಕೋಡ್‌ನಲ್ಲಿ ಕಾಣಿಸಿಕೊಂಡ ನಿಪಾ ವೈರಸ್ ಇರುವುದು ಬಾವಲಿಗಳಲ್ಲಿ, ಅದಕ್ಕೆ ಈ ಎಚ್ಚರ. ನಮ್ಮ ಜಿಲ್ಲೆಯಲ್ಲಿ ಮಂಗ ಕಚ್ಚಿದ ಹಣ್ಣಿನಿಂದ ಮಂಗನ ಕಾಯಿಲೆ ಬರುತ್ತದೆಯೇ ಎಂದು ಕೇಳುವವರಿದ್ದಾರೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಆ ಕಾಯಿಲೆ ಮನುಷ್ಯರಿಗೆ ಬರುವುದು ಮುಖ್ಯವಾಗಿ ಉಣ್ಣೆ ಹುಳ ಕಚ್ಚುವುದರಿಂದ, ಹಣ್ಣಿನಿಂದಲ್ಲ.

ಯಾರೂ ಫಾರ್ವರ್ಡ್ ಮಾಡದ ಎಚ್ಚರಿಕೆ

ಒಂದು ವರ್ಷದೊಳಗಿನ ಕೂಸಿಗೆ ಜೇನು ಹಾಕಿದ ಏನನ್ನೂ ಕೊಡಬೇಡಿ, ನಾಲಿಗೆಗೆ ಸವರುವುದೂ ಬೇಡ. ಜೇನಿನಲ್ಲಿರಬಹುದಾದ ಒಂದು ಬ್ಯಾಕ್ಟೀರಿಯಾದ ಬೀಜಕಗಳು ಎಳೆ ಕರುಳಿನಲ್ಲಿ ಬೆಳೆದು ಬಾಟ್ಯುಲಿಸಂ ಎಂಬ ಪಾರ್ಶ್ವವಾಯುವಿನಂಥ ಕಾಯಿಲೆ ತರಬಲ್ಲವು. ಐದು ವರ್ಷದೊಳಗಿನ ಮಕ್ಕಳಿಗೆ ದ್ರಾಕ್ಷಿಯನ್ನು ಇಡಿಯಾಗಿ ಕೊಡದೆ ಉದ್ದಕ್ಕೆ ಸೀಳಿ ಕೊಡಿ, ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ಚಕ್ಕೋತ ಹಣ್ಣು ಕೆಲವು ಕೊಲೆಸ್ಟ್ರಾಲ್, ಬಿ.ಪಿ. ಮಾತ್ರೆಗಳ ಪ್ರಮಾಣವನ್ನು ರಕ್ತದಲ್ಲಿ ಏರಿಸಬಹುದು. ದಿನವೂ ಮಾತ್ರೆ ನುಂಗುವವರು ವೈದ್ಯರನ್ನೋ ಔಷಧಿ ಅಂಗಡಿಯವರನ್ನೋ ಕೇಳಿ ತಿನ್ನಲಿ.

ಮೂತ್ರಪಿಂಡದ ಕಾಯಿಲೆ ಇದ್ದವರು ಬಾಳೆಹಣ್ಣು, ಎಳನೀರಿನಂಥ ಪೊಟ್ಯಾಸಿಯಂ ಹೆಚ್ಚಿರುವ ಪದಾರ್ಥಗಳನ್ನು ಎಷ್ಟು ತಿನ್ನಬಹುದೆಂದು ವೈದ್ಯರೇ ಹೇಳಿರುತ್ತಾರೆ. ಆದರೆ ನಕ್ಷತ್ರದ ಆಕಾರದ ಧಾರೆಹುಳಿಯ ಬಗ್ಗೆ ಹಲವರಿಗೆ ತಿಳಿದಿರುವುದಿಲ್ಲ. ಹಿತ್ತಲಲ್ಲಿ ಬೆಳೆಯುತ್ತದೆ, ಹುಳಿಸಿಹಿಯಾಗಿ ಸಲಾಡಿಗೆ ಚೆಂದ ಕಾಣುತ್ತದೆ, ಆರೋಗ್ಯವಂತರು ಮಿತವಾಗಿ ತಿಂದರೆ ತೊಂದರೆಯಿಲ್ಲ. ಮೂತ್ರಪಿಂಡ ಕೆಟ್ಟವರಲ್ಲಿ ಅದರ ಒಂದು ನಂಜು ಮೈಯಿಂದ ಹೊರಹೋಗದೆ ಮಿದುಳಿಗೆ ತಾಗುತ್ತದೆ. ಒಂದು ಹಣ್ಣು ಕೂಡ ಪ್ರಾಣಕ್ಕೆ ಎರವಾಗಬಹುದು. ಡಯಾಲಿಸಿಸ್ ಮಾಡಿಸಿಕೊಳ್ಳುವವರು ಇರುವ ಮನೆಯ ಸಲಾಡಿಗೆ ಅದನ್ನು ಹಾಕಲೇಬೇಡಿ, ರಸವನ್ನೂ ಕೊಡಬೇಡಿ. ತಿಳಿಯದೆ ತಿಂದಿದ್ದು, ಬಿಕ್ಕಳಿಕೆ ನಿಲ್ಲದೆ ಬರತೊಡಗಿದರೆ ಅದು ಮೊದಲ ಲಕ್ಷಣ. ನೀರು ಕುಡಿಸುತ್ತ ಕೂರದೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ, ಧಾರೆಹುಳಿ ತಿಂದಿದ್ದಾರೆ ಎಂಬುದನ್ನು ವೈದ್ಯರಿಗೆ ಮೊದಲೇ ಹೇಳಿ.